ದುಪ್ಪಟ್ಟು ಕೂಲಿಯ ಪ್ಲಂಬರ್
ನಮ್ಮ ಮನೆಗೆ ಬರುವ ಪ್ಲಂಬರ್ ಕೂಲಿಯ ಮಾತು ತೆಗೆಯುವುದೇ ಮನೆ ಬಾಡಿಗೆಯಿಂದ. "ನಮ್ಮೂರಿಗಿಂತ ಇಲ್ಲಿ ಕೂಲಿ ಡಬಲ್ ಅಂತ ಕುಣ್ಕೊಂಡು ಬಂದೆ ಅಕ್ಕಾ. ನೋಡಿದ್ರೆ ಬಾಡಿಗೆ ನಾಲ್ಕು ಪಟ್ಟು!" ಎಂದು ಸಿಂಕಿನಡಿ ತಲೆ ತೂರಿಸಿಕೊಂಡು ಪೈಪಿಗೆ ಭಾಷಣ ಬಿಗಿಯುತ್ತಾನೆ. ಒಂದು ವಾಷರ್ ಬದಲಾಯಿಸುವಷ್ಟರಲ್ಲಿ ಹಾಲು, ಗ್ಯಾಸು, ಬಸ್ಸು ಎಲ್ಲದರ ದರವನ್ನೂ ಜಾಲಾಡಿ ಮುಗಿಸಿರುತ್ತಾನೆ. ಚೌಕಾಸಿಗೆಂದು ಬಾಯಿ ತೆರೆದ ನನ್ನ ಗಂಡ ತೆಪ್ಪಗೆ ಕೇಳಿದಷ್ಟು ಕೊಡುತ್ತಾರೆ. ಹೊರಡುವ ಮುಂಚೆ "ಶವರ್ ಒಂದ್ಸಲ ಟೆಸ್ಟ್ ಮಾಡ್ತೀನಿ" ಎಂದು ಬಚ್ಚಲುಮನೆಯ ಬಾಗಿಲು ಹಾಕಿಕೊಳ್ಳುವುದು ಅವನ ರೂಢಿ. ಮೊನ್ನೆ ಅರ್ಧ ಗಂಟೆಯಾದರೂ ಬರಲಿಲ್ಲವೆಂದು ಬಾಗಿಲು ತಟ್ಟಿದೆ. ಒದ್ದೆ ತಲೆಯಲ್ಲೇ ಹೊರಬಂದವನು ನೆಲ ನೋಡುತ್ತಾ, "ನಮ್ ರೂಮಲ್ಲಿ ಎಂಟು ಜನ ಅಕ್ಕಾ, ಒಂದು ನಲ್ಲೀನೂ ಇಲ್ಲ" ಎಂದ. ನಾನು ಟವೆಲ್ ತರಲು ಒಳಗೆ ಹೋದೆ.