ಟಿಲ್ಡ ಎಂದರೆ ಯಾವ ಗೆರೆ?

ಆಳಂದದ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸಕ್ಕೆ ಸೇರಿ ನನಗೆ ಆಗ ಮೂರನೇ ವರ್ಷ. ಅತನೂರಿನಿಂದ ಅಫಜಲಪುರಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿ ಬಿ.ಎ. ಮುಗಿಸಿದವಳು ನಾನು. ನಮ್ಮ ಮನೆಯಲ್ಲಿ ನನಗಿಂತ ಮೊದಲಿನವರದೆಲ್ಲ ಹೆಬ್ಬೆಟ್ಟೇ. ಪ್ರೆಸ್ಸಿನಲ್ಲಿ ಮಾತ್ರ ನನ್ನ ಸಹಿ ಇಲ್ಲದೆ ಒಂದು ಹಾಳೆಯೂ ಮಶೀನಿಗೆ ಹೋಗುತ್ತಿರಲಿಲ್ಲ. ಸಹಿ ಬಿದ್ದ ಮೇಲೆ ತಪ್ಪು ಉಳಿದರೆ ಅದು ನನ್ನದೇ.

ಊರಿನ ಒಂದು ಬೇಳೆ ಮಿಲ್ಲಿನವರು ಪನಾಮಾ ದೇಶಕ್ಕೆ ತೊಗರಿಯ ಸ್ಯಾಂಪಲ್ ಪಾಕೀಟು ಕಳಿಸುವವರಿದ್ದರು. ಅಲ್ಲಿ ಸ್ಪ್ಯಾನಿಷ್ ಮಾತು. ತೊಗರಿಗೆ ‘ಗ್ವಾಂದು’ ಎನ್ನುತ್ತಾರೆ. ಪಾಕೀಟಿಗೆ ಅಂಟಿಸಲು ನಾವು Guandu ಎಂದು ಜೋಡಿಸಿದ್ದ ಲೇಬಲ್ಲಿನ ಪ್ರೂಫ್ ನೋಡಿದ ಅಲ್ಲಿನ ವ್ಯಾಪಾರಿ ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದಿದ್ದ: ಕೊನೆಯ u ಮೇಲೆ ಟಿಲ್ಡ ಬಿಟ್ಟುಹೋಗಿದೆ. ಇಂಗ್ಲಿಷ್ ನಿಘಂಟು ತೆಗೆದೆ. ಟಿಲ್ಡ ಎಂದರೆ ಅಕ್ಷರದ ಮೇಲೆ ಅಲೆಯಂಥ ಗೆರೆ. ಹಾಕಿಸಿದೆ, ಸಹಿ ಮಾಡಿದೆ, ಪ್ಲೇಟ್ ಆಯಿತು.

ಮಶೀನ್ ಶುರುವಾದರೂ ನನ್ನ ಜೀವ ಒಂದು ಕಡೆ ನಿಲ್ಲಲಿಲ್ಲ. ಮೊಬೈಲಿನಲ್ಲಿ ಸ್ಪ್ಯಾನಿಷ್ ಪುಟಗಳನ್ನು ತಿರುವುತ್ತ ಹೋದೆ. ಆ ಅಲೆ n ಮೇಲೆ ಇತ್ತು. u ಮೇಲೆ ಒಂದು ಕಡೆಯೂ ಇಲ್ಲ. ಓಡಿಹೋಗಿ, “ಕಾಕಾ, ಬಂದ್ ಮಾಡ್ರಿ!” ಎಂದೆ. ಮಶೀನ್ ನಡೆಸುವ ಲಾಲಪ್ಪ ಕಾಕಾ ತಕ್ಷಣ ಬಂದ್ ಮಾಡಿದರು. ಸದ್ದು ನಿಂತದ್ದೇ ತಡ, ಮಾಲಕರು ಹೊರಗೆ ಬಂದರು.

“ಅವರು ಟಿಲ್ಡ ಅಂದಾರ, ನೀ ಟಿಲ್ಡ ಹಾಕೀದಿ. ಮತ್ತೇನ್ ತಕರಾರು, ಡಿಗ್ರಿ ಮೇಡಂ? ಸಂಜಿ ಏಳರ ಬಸ್ಸಿಗೆ ಪಾರ್ಸಲ್ ಹೋಗಬೇಕು.”

“ಅದರ ಮ್ಯಾಲ ನನ್ನ ಸಹಿ ಅದರಿ.”

“ಬಸ್ ತಪ್ಪಿತಂದ್ರ ನಾಳಿಂದ ಆ ಸಹಿ ನಿಮ್ಮ ಮನ್ಯಾಗ ಮಾಡ್ಕೋತ ಕೂಡು.”

ಈ ಸಲ ಸ್ಪ್ಯಾನಿಷ್ ನಿಘಂಟನ್ನೇ ಹುಡುಕಿದೆ. ಗುಟ್ಟು ಅಲ್ಲಿತ್ತು. ಸ್ವರದ ಮೇಲೆ ಹಾಕುವ ಸಣ್ಣ ಓರೆ ಗೆರೆಗೇ ಅವರು ಟಿಲ್ಡ ಎನ್ನುತ್ತಾರೆ; ಇಂಗ್ಲಿಷಿನಲ್ಲಿ ಅದರ ಹೆಸರು ಅಕ್ಯೂಟ್ ಆಕ್ಸೆಂಟ್. ಹೆಸರು ಒಂದು, ಗೆರೆ ಎರಡು. ಮಾತಿನ ಒತ್ತು ಎಲ್ಲಿ ಬೀಳಬೇಕು ಎಂದು ಆ ಓರೆ ಗೆರೆ ತೋರಿಸುತ್ತದೆ.

ಕಾಕಾ ಇಣುಕಿ ನೋಡಿ ನಕ್ಕರು. “ನಮ್ಮ ಒತ್ತು ಪಾಪ ಅಕ್ಷರದ ತಳಗ ಕುಂದರ್ತದ. ಇವರದು ತೆಲಿ ಮ್ಯಾಲೇ ಏರಿ ಕುಂತದಲ್ಲವ್ವಾ!”

ಮಿಲ್ಲಿನ ಮ್ಯಾನೇಜರ್ ಹತ್ತಿರ ಆ ವ್ಯಾಪಾರಿಯ ಹಳೆಯ ವಾಯ್ಸ್ ಮೆಸೇಜ್ ಇತ್ತು. ತರಿಸಿ ಮೂರು ಸಲ ಕೇಳಿದೆವು. ‘ಗ್ವಾನ್’ ಹಗುರ, ‘ದು’ ಮೇಲೆ ಗುದ್ದಿದಂತೆ ಒತ್ತು. Guandú. ತಿದ್ದಿದ ಪ್ರೂಫಿನ ಫೋಟೊವನ್ನು ಆ ವ್ಯಾಪಾರಿಗೆ ಕಳಿಸಿದೆ. ನಮ್ಮಲ್ಲಿ ಮಧ್ಯಾಹ್ನ ಎರಡು. ಪನಾಮಾದಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ.

ಕೂತರೆ ಏಳುವುದು, ಎದ್ದರೆ ಕೂರುವುದು. ಮಶೀನಿಗೆ ಹೊಸ ಪ್ಲೇಟ್ ಕಟ್ಟಿ ಕಾಕಾ ಕಾಯುತ್ತಿದ್ದರು. “ಹೂಂ ಅನ್ನವ್ವಾ, ಹೊಡದು ಬಿಡ್ತೀನಿ.”

“ನಾ ಅಂದ್ರ ಆಗಂಗಿಲ್ರಿ ಕಾಕಾ, ಅವರು ಅನ್ನಬೇಕು.”

ಐದೂವರೆಗೆ ಉತ್ತರ ಬಂತು, ಒಂದೇ ಶಬ್ದ: Sí. i ಮೇಲೆ ಚುಕ್ಕಿ ಇರಬೇಕಾದಲ್ಲಿ ಅದೇ ಓರೆ ಗೆರೆ. ‘ಹೌದು’ ಎಂದರ್ಥ. ಗೆರೆ ತೆಗೆದರೆ ಅದೇ ಶಬ್ದ ‘ಒಂದು ವೇಳೆ’ ಆಗುತ್ತದೆ. ಆಗ ಸಹಿ ಹಾಕಿದೆ. ಕಾಕಾ ಹೊಡೆದ ಲೇಬಲ್ಲುಗಳ ಶಾಯಿ ಆರುತ್ತಿದ್ದಂತೆ ಮಾಲಕರೇ ಪಾರ್ಸಲ್ ಹೊತ್ತು ಬಸ್ ಸ್ಟ್ಯಾಂಡಿಗೆ ಓಡಿ ಏಳರ ಬಸ್ಸಿಗೆ ಹಾಕಿದರು.

ಹೆಸರು ಯಾವ ಭಾಷೆಯವರ ಬಾಯಿಂದ ಬಂದದ್ದು ಎಂದು ಕೇಳದೆ ಅಂದಿನಿಂದ ನಾನು ಯಾವ ಗುರುತನ್ನೂ ತಿದ್ದಿಲ್ಲ. ‘ಒಂದು ವೇಳೆ’ ಉಳಿದಿರುವಷ್ಟು ಹೊತ್ತು ಪೆನ್ನಿನ ಮುಚ್ಚಳ ತೆಗೆಯುವುದಿಲ್ಲ.