ಜಮಾಲನ ಬೇರೆ ತಟ್ಟೆ

ಜಮಾಲನ ತಟ್ಟೆಯನ್ನು ನಮ್ಮ ಹರಿವಾಣದಿಂದ ಬೇರೆ ಮಾಡಿದವನು ನಾನೇ. ಅವನಾಗಿಯೇ ದೂರ ಕುಳಿತ ಎಂದು ಇಷ್ಟು ವರ್ಷ ಹೇಳುತ್ತಾ ಬಂದೆ — ಸುಳ್ಳು.

ಸೌದಿಯ ರಾಬಿಗ್‌ನಲ್ಲಿ ನಾವು ಆರು ಮಂದಿ ಒಂದು ರೂಮಿನಲ್ಲಿದ್ದೆವು. ಹಗಲು ರಿಫೈನರಿಯ ಪೈಪುಗಳಿಗೆ ಶಾಖ ತಡೆಯುವ ಗಾಜಿನ ಹತ್ತಿ ಸುತ್ತುವ ಕೆಲಸ. ಅಡುಗೆಯ ಯಜಮಾನಿಕೆ ನನ್ನದು. ಯಾರಿಗೆ ಮೂಳೆ ಇಷ್ಟ, ಯಾರ ಹೊಟ್ಟೆಗೆ ಗಂಜಿಯೇ ಆಗಬೇಕು, ಎಲ್ಲ ನನ್ನ ತಲೆಯಲ್ಲಿ. ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು, ನೆಲಕ್ಕೆ ಊಟದ ಹಾಳೆ ಸುಪ್ರ ಹಾಸಿ, ಒಂದೇ ಹರಿವಾಣಕ್ಕೆ ಬಿರಿಯಾನಿ ಸುರಿದು ಸುತ್ತ ಕೂರುತ್ತಿದ್ದೆವು. ಹೊಸಬರು ಹಿಂಜರಿದರೆ ನಾನೇ ಕೈಹಿಡಿದು ಕೂರಿಸುತ್ತಿದ್ದೆ. ಬೇರೆ ಬೇರೆ ಬಡಿಸಿಕೊಂಡರೆ ಅನ್ನಕ್ಕೆ ದೇವರ ಬರ್ಕತ್ ಇಲ್ಲ ಎನ್ನುತ್ತಿದ್ದೆ. ಅದೇ ನಾನು.

ಜಮಾಲ್ ರಾಜಸ್ಥಾನದ ಮರಳುಗಾಡಿನ ಒಂದು ಹಳ್ಳಿಯವನು. ಒಂದು ಗುರುವಾರ ಸಂಜೆ ನನ್ನ ಜೊತೆ ಈರುಳ್ಳಿ ಸುಲಿಯುತ್ತಾ ಹೇಳಿದ — ಅಣುಬಾಂಬ್ ಪರೀಕ್ಷೆ ಮಾಡಿದ್ದು ಅವನ ಊರಿನ ಪಕ್ಕದಲ್ಲೇ. ಮಿಲಿಟರಿಯವರು ಬಂದು, ಮನೆಬಿಟ್ಟು ಬಯಲಲ್ಲಿ ಕೂರಿ ಎಂದರಂತೆ; ಯಾಕೆಂದು ಹೇಳಲಿಲ್ಲ. ನೆಲ ನಡುಗಿತು, ಗೋಡೆ ಬಿರಿಯಿತು. ಆಮೇಲೆ ಊರಲ್ಲಿ ಯಾರಿಗೆ ಗಡ್ಡೆ ಬಂದರೂ, ಯಾರ ಕರು ಸತ್ತರೂ, ಅದರಿಂದಲೇ ಎಂಬ ಮಾತು. ಅವನ ತಾಯಿ ಗಂಟಲಿನ ಕ್ಯಾನ್ಸರಿನಲ್ಲಿ ಹೋದರು. ಹೌದೋ ಅಲ್ಲವೋ ಎಂದು ನೋಡಿ ಹೇಳುವವರು ಯಾರೂ ಬರಲಿಲ್ಲ. ಊರಿನ ಹೆಸರು ತಿಳಿದರೆ ಹೆಣ್ಣು ಕೊಡುವುದಿಲ್ಲ, ಯಾರಿಗೂ ಹೇಳಬೇಡಿ ಎಂದ.

ಆ ಬಾಂಬ್ ಸಿಡಿದಾಗ ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಲಾಡು ಹಂಚಿದ್ದರು. ನಾನೂ ತಿಂದಿದ್ದೆ — ಅದನ್ನು ಅವನಿಗೆ ಹೇಳಲಿಲ್ಲ. ಮಾತಾಡುತ್ತಾ ಅವನು ಮುಂಗೈ ಕೆರೆದುಕೊಳ್ಳುತ್ತಿದ್ದ. ಗಾಜಿನ ಹತ್ತಿ ಮುಟ್ಟುವವರೆಲ್ಲ ಕೆರೆದುಕೊಳ್ಳುತ್ತೇವೆ. ನನ್ನ ಮೈಯಲ್ಲೂ ಅದೇ ಗುಳ್ಳೆ. ಆದರೂ ಅಂದಿನಿಂದ ಅವನ ತುರಿಕೆ ಮಾತ್ರ ನನ್ನ ಕಣ್ಣಿಗೆ ಬೇರೆ.

ಮರುದಿನ ಬೆಳಿಗ್ಗೆಯೇ ನಮ್ಮ ರೂಮಿನ ಪುತ್ತೂರಿನ ಸಿದ್ದೀಕನಿಗೆ ಹೇಳಿಬಿಟ್ಟೆ. ಅವನು ನಕ್ಕ.

"ಎಂತ ಹಮೀದಾಕ, ಬಾಂಬು ಎಂತ ಕಜ್ಜಿಯಾ ಹರಡ್ಲಿಕ್ಕೆ? ಹಾಗಾದ್ರೆ ಕರೆಂಟು ಹೋದಾಗ ಬೆಳಕಿಗೆ ಅವನನ್ನೇ ನಡುವಲ್ಲಿ ಕೂರಿಸುವ."

"ನಗಬೇಡ ಮಾರಾಯ. ಅವನ ಕೈ ನಮ್ಮ ಅನ್ನಕ್ಕೆ ಬೀಳುದು ಬೇಡ."

ಸಿದ್ದೀಕನ ನಗು ನಿಂತಿತು. ಮಧ್ಯಾಹ್ನದೊಳಗೆ ರೂಮಿಗೆಲ್ಲ ಗೊತ್ತಾಗಿತ್ತು.

ಅಂದಿನ ಶುಕ್ರವಾರದ ಊಟಕ್ಕೇ ಜಮಾಲನ ಮುಂದೆ ಬೇರೆ ತಟ್ಟೆ ಇಟ್ಟೆ. ದೊಡ್ಡ ತುಂಡೇ ಆರಿಸಿ ಹಾಕಿದೆ. ನಿನಗೆಂದೇ ಖಾರ ಕಮ್ಮಿ ಮಾಡಿದ್ದೇನೆ ಎಂದೆ, ಹಿಂದಿಯಲ್ಲಿ, ಅಕ್ಕರೆಯಿಂದ. ಅವನು ಹರಿವಾಣವನ್ನೂ ಅದರ ಸುತ್ತಲಿನ ನಮ್ಮ ಕೈಗಳನ್ನೂ ನೋಡಿ, ತಟ್ಟೆ ಹತ್ತಿರ ಎಳೆದುಕೊಂಡು ಉಂಡ. ವಾರ ವಾರವೂ ಹೀಗೆಯೇ. ಅವನು ಹಿಟ್ಟು ನಾದಿ ಸುಟ್ಟ ರೊಟ್ಟಿಯನ್ನು ಮಾತ್ರ ಬೆಳಿಗ್ಗೆ ಎಲ್ಲರೂ ಚಪ್ಪರಿಸುತ್ತಿದ್ದೆವು. ರೊಟ್ಟಿಯಲ್ಲಿಲ್ಲದ ವಿಷ ಅನ್ನಕ್ಕೆ ಎಲ್ಲಿಂದ ಬರುತ್ತದೆ — ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ರೊಟ್ಟಿ ತಪ್ಪುತ್ತಿತ್ತು.

ಒಂದು ಶುಕ್ರವಾರ ಅವನು ಹಸಿಮೆಣಸು ಕಚ್ಚಿ, ನಿಧಾನವಾಗಿ ಜಗಿದು ನುಂಗಿದ.

"ಹಮೀದ್ ಭಾಯ್, ಖಾರ ನಾನು ತಿನ್ನುತ್ತೇನೆ. ಊರಿನ ಮಾತು ನಿಮಗೊಬ್ಬರಿಗೇ ಹೇಳಿದ್ದೆ."

ಅಷ್ಟೇ. ಸ್ವಲ್ಪ ದಿನದಲ್ಲಿ ತಾಯಿಫ್‌ನಲ್ಲಿ ಕೆಲಸ ಹಿಡಿದು ಹೊರಟುಹೋದ. ಅವನು ಮಲಗುತ್ತಿದ್ದ ಮಂಚವನ್ನು ನಾನು ಫಿನಾಯಿಲ್ ಹಾಕಿ ಉಜ್ಜಿದೆ — ಇದನ್ನು ಬರೆಯುವಾಗ ನನ್ನ ಕೈಗಳೇ ನನಗೆ ಹೇಸಿಗೆ. ಹೆದರಿದ್ದೆ ಎನ್ನಬಹುದು. ಹೆದರಿದವನು ಒಬ್ಬ ಡಾಕ್ಟರನ್ನಾದರೂ ಕೇಳುತ್ತಿದ್ದ. ನಾನು ಯಾರನ್ನೂ ಕೇಳಲಿಲ್ಲ.

ಈಗಲೂ ಈದ್‌ಗೆ ಅವನೇ ಫೋನ್ ಮಾಡಿ ನನ್ನ ಮೊಣಕಾಲು ಹೇಗಿದೆ ಎಂದು ವಿಚಾರಿಸುತ್ತಾನೆ. ನಾನು ಸೆಕೆಯ ಮಾತಾಡಿ ಇಟ್ಟುಬಿಡುತ್ತೇನೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುವುದು ನನಗೆ ಇಷ್ಟು ಸುಲಭ — ಇದೂ ಒಂದು ಹೊಲಸೇ. ಬರುವ ವಾರ ತಾಯಿಫ್‌ಗೆ ಹೋಗುತ್ತೇನೆ. ಅವನ ಮುಖ ನೋಡಿ, ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಬಾಗಿಲಲ್ಲೇ ನಿಲ್ಲಿಸಿದರೆ, ನಿಂತೇ ಹೇಳುತ್ತೇನೆ.