ಸಕ್ಕೂಬಾಯಿ ಹೇಳದ ಮಾತು

ಕೇಳಿರಿ, ನನ್ನ ಪ್ರೀತಿಯ ಸೋದರ ಸೋದರಿಯರೇ. ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ಗಜೇಂದ್ರಗಡದ ಆಫ್ತಾಬನ ಕಥೆಯನ್ನು ಕೇಳಿರಿ. ಅವನು ಕಳ್ಳನಲ್ಲ, ಕುಡುಕನಲ್ಲ. ಐದು ಹೊತ್ತಿನ ನಮಾಜು ತಪ್ಪಿಸಿದವನಲ್ಲ. ನೇಕಾರರ ಒಂದು ಸಂಘದ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವ, ನಿಮ್ಮಂಥ ನನ್ನಂಥ ಸಾಧಾರಣ ಮನುಷ್ಯ. ಅಂಥವನು ಒಬ್ಬ ಮುದುಕಿಯ ಮುಖ ನೋಡಲಾರದೆ ಬೀದಿ ಬದಲಿಸಿ ನಡೆಯುವಂತಾದದ್ದು ಹೇಗೆಂದು ಹೇಳುತ್ತೇನೆ.

ಅದು ಎರಡು ಸಾವಿರದ ಏಳನೆಯ ಇಸವಿ. ಆ ಸಂಘದ ಮುಖ್ಯ ಕಚೇರಿ ಗಜೇಂದ್ರಗಡದಲ್ಲಿ. ರೋಣದಲ್ಲಿಯೂ ನರಗುಂದದಲ್ಲಿಯೂ ಒಂದೊಂದು ಶಾಖೆ. ಮೂರು ಊರಿನವರೂ ನೇಯುವುದು ಸೀರೆಯನ್ನೇ. ಆದರೆ ಒಂದೇ ಅಂಚಿಗೆ ಮೂರು ಹೆಸರು, ಒಂದೇ ಹೆಸರಿಗೆ ಮೂರು ಅರ್ಥ. ನರಗುಂದದವರು ಒಂದನ್ನು ಕೇಳಿದರೆ ಗಜೇಂದ್ರಗಡದಿಂದ ಇನ್ನೊಂದು ಹೋಗುತ್ತಿತ್ತು. ಗಂಟು ಬಿಚ್ಚಿದ ಕೂಡಲೇ ಜಗಳ. ಈ ತೊಡಕು ತೀರಲೆಂದು ಸಂಘದವರು ವ್ಯವಹಾರದ ಪದಕೋಶ ಕಟ್ಟುವ ಒಂದು ಸಾಫ್ಟ್‌ವೇರನ್ನು ತರಿಸಿದರು. ಕಸುಬಿನ ಪ್ರತಿಯೊಂದು ಮಾತಿಗೂ ಅದರಲ್ಲಿ ಒಂದು ಪುಟ. ಆ ಪುಟದ ನಮೂನೆ ಹೇಗಿರಬೇಕು, ಯಾವ ಯಾವ ಕಾಲಂ ಇರಬೇಕು, ಯಾವುದನ್ನು ಖಾಲಿ ಬಿಡಬಹುದು, ಯಾವುದನ್ನು ಬಿಡಲಾಗದು ಎಂಬುದನ್ನೆಲ್ಲ ಕೊಂಡವರೇ ತಮಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದಾಗಿತ್ತು. ಆ ಕೆಲಸ ಆಫ್ತಾಬನ ಪಾಲಿಗೆ ಬಂತು.

ಸಂಘದ ಕಾರ್ಯದರ್ಶಿ ಅಂದಾನಪ್ಪನವರು ಅವನನ್ನು ಕರೆದು ಹೇಳಿದರು: “ನೋಡೋ ಆಫ್ತಾಬ, ಕುರ್ಚ್ಯಾಗ ಕುಂತು ಬರೀಬ್ಯಾಡ. ಯಾರ ಕೆಲಸ ಐತಿ, ಅವರ ಕಡೆ ಹೋಗು, ಅವರ ಬಾಯಿಲೇ ಕೇಳಿ ಬರಿ. ಯಾರ್ನ ಕೇಳಿದಿ ಅನ್ನೋದೂ ಪುಟದಾಗ ಇರಬೇಕು. ನಾಳೆ ಯಾರರ ತಕರಾರ ತಗದ್ರ ತೋರ್ಸಾಕ ಬರ್ತೈತಿ.”

“ಹೌದ್ರಿ ಸಾಹೇಬ್ರ. ಹಂಗ ಮಾಡ್ತೀನ್ರಿ.”

ಆಫ್ತಾಬ ನಮೂನೆಯನ್ನು ಬಲು ಅಚ್ಚುಕಟ್ಟಾಗಿಯೇ ಹೊಂದಿಸಿದ. ಮಾತಿನ ಅರ್ಥಕ್ಕೆ ಒಂದು ಕಾಲಂ, ಬೇರೆ ಊರಲ್ಲಿ ಅದಕ್ಕಿರುವ ಹೆಸರಿಗೆ ಒಂದು. ‘ಕೆಲಸದ ವರ್ಗ’ ಎಂಬುದೊಂದು. ಅದರಲ್ಲಿ ನೇಯ್ಗೆ, ಬಣ್ಣ, ಮಾರಾಟ, ಮನೆಗೆಲಸ ಎಂಬ ನಾಲ್ಕರಲ್ಲಿ ಒಂದನ್ನು ಆರಿಸಬೇಕು. ಕೊನೆಯದು ‘ಯಾರನ್ನು ಕೇಳಿ ಬರೆದದ್ದು’. ಈ ಕಡೆಯ ಎರಡನ್ನು ತುಂಬದಿದ್ದರೆ ಪುಟ ಉಳಿಯದಂತೆ ತಾನೇ ಕಟ್ಟು ಹಾಕಿದ. ಮನೆಯ ಜಗುಲಿಯ ಮೇಲೆ ನಡೆಯುವ ಕೆಲಸಗಳಿಗೆಂದು ಬೇರೆಯೇ ಒಂದು ನಮೂನೆ ಮಾಡಿ, ಅದರಲ್ಲಿ ‘ಮನೆಗೆಲಸ’ ಎಂಬ ವರ್ಗ ತಾನಾಗಿಯೇ ಬಂದು ಕೂಡುವಂತೆ ಇಟ್ಟ. ಪ್ರತಿ ಸಲ ಆರಿಸುವ ಶ್ರಮ ತಪ್ಪಲಿ ಎಂಬುದಷ್ಟೇ ಅವನ ವಿಚಾರ.

ಮೊದಲ ಎರಡು ತಿಂಗಳು ಅವನು ಮಾತಿಗೆ ತಪ್ಪಲಿಲ್ಲ. ಬಸ್ಸಿನಲ್ಲಿ ರೋಣಕ್ಕೆ ಹೋದ, ನರಗುಂದಕ್ಕೆ ಹೋದ. ಬಣ್ಣದವರ ಹಂಡೆಯ ಬಳಿ ಹೊಗೆ ಕುಡಿಯುತ್ತ ಕುಳಿತು ಬರೆದುಕೊಂಡ. ಮಗ್ಗದ ಕುಣಿಯ ಪಕ್ಕದಲ್ಲಿ ಕುಳಿತು ನೇಕಾರರ ಬೈಗುಳವನ್ನೂ ಕೇಳಿದ. ಮೂರನೆಯ ತಿಂಗಳಿಗೆ ದಣಿವು ಬಂತು, ದಣಿವಿನ ಹಿಂದೆಯೇ ಅಸಡ್ಡೆ ಬಂತು. ಉಳಿದದ್ದು ಹನ್ನೊಂದು ಮಾತು ಮಾತ್ರ. ಎಲ್ಲವೂ ಕಂಡಿಕೆ ಸುತ್ತುವುದಕ್ಕೆ ಸೇರಿದವು. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯ ಹೊಟ್ಟೆಯಲ್ಲಿ ಕೂಡುವ ಚಿಕ್ಕ ಕೊಳವೆಗೆ ರಾಟಿಯಿಂದ ನೂಲು ಸುತ್ತುವ ಕೆಲಸ ಅದು. ಊರ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಮಾಡುತ್ತಿದ್ದರು. ಅವರಲ್ಲಿ ಹೆಸರಾದವಳು ಸಕ್ಕೂಬಾಯಿ. ಆಕೆಯ ಮನೆ ಕಚೇರಿಯಿಂದ ಮುನ್ನೂರು ಹೆಜ್ಜೆಯೂ ಇರಲಿಲ್ಲ. ಅಷ್ಟೇಕೆ, ಆಫ್ತಾಬನ ಸ್ವಂತ ತಾಯಿ ರಹಿಮತಬಿಯೂ ಕಂಡಿಕೆ ಸುತ್ತುವವಳೇ.

ಅವನು ಎಲ್ಲಿಗೂ ಹೋಗಲಿಲ್ಲ. ಕುರ್ಚಿಯಲ್ಲಿ ಕುಳಿತೇ ಬರೆದ: ‘ಕಂಡಿಕೆ ಸುತ್ತುವುದು: ಮನೆಯ ಹೆಂಗಸರು ಬಿಡುವಿನ ವೇಳೆಯಲ್ಲಿ ನೂಲು ಸುತ್ತಿಡುವುದು.’ ವರ್ಗದ ಕಾಲಂನಲ್ಲಿ ‘ಮನೆಗೆಲಸ’ ತಾನಾಗಿಯೇ ಬಂದು ಕೂತಿತ್ತು. ಕೊನೆಯ ಕಾಲಂ ಮಾತ್ರ ಖಾಲಿ ಉಳಿಯಲೊಲ್ಲದು. ಆಫ್ತಾಬ ಒಂದು ಕ್ಷಣ ಕೈ ತಡೆದ. ಆಮೇಲೆ ‘ಸಕ್ಕೂಬಾಯಿ, ಗಜೇಂದ್ರಗಡ’ ಎಂದು ಒತ್ತಿದ. ಹನ್ನೊಂದು ಪುಟಕ್ಕೆ ಹನ್ನೊಂದು ಸಲ ಒತ್ತಿದ.

ಕೆಲಸ ಬೇಗ ಮುಗಿಯಿತೆಂದು ಸಂಘದವರು ಅವನಿಗೆ ಶಾಲು ಹೊದಿಸಿದರು.

ಮರುವರ್ಷ ಸಂಘವು ಒಂದು ದವಾಖಾನೆಯೊಡನೆ ಮಾತಾಡಿ, ಕಸುಬಿನವರಿಗೆಲ್ಲ ಪುಕ್ಕಟೆ ಚಿಕಿತ್ಸೆಯ ಕಾರ್ಡು ಕೊಡುವುದೆಂದು ಠರಾವು ಮಾಡಿತು. ಯಾರು ಕಸುಬಿನವರು? ಪದಕೋಶದಲ್ಲಿ ಯಾವ ಕೆಲಸ ಕಸುಬೆಂದು ದಾಖಲಾಗಿದೆಯೋ ಅದನ್ನು ಮಾಡುವವರು. ನೇಕಾರರಿಗೆ ಕಾರ್ಡು ಬಂತು, ಬಣ್ಣದವರಿಗೆ ಬಂತು. ಮೂರು ಊರಿನಲ್ಲಿ ಕಂಡಿಕೆ ಸುತ್ತುವ ಐವತ್ಮೂರು ಹೆಂಗಸರ ಅರ್ಜಿಗಳು ಮಾತ್ರ, ಮನೆಗೆಲಸ ಕಸುಬಲ್ಲವೆಂಬ ಕಾರಣಕ್ಕೆ, ಹಾಗೆಯೇ ತಿರುಗಿ ಬಂದವು.

ಸಕ್ಕೂಬಾಯಿಗೆ ಆಗ ಅರವತ್ತರ ಮೇಲಾಗಿತ್ತು. ಎರಡು ಕಣ್ಣಿಗೂ ಪೊರೆ. ಎಳೆ ಹರಿದರೆ ಅದರ ತುದಿಯನ್ನು ಕಣ್ಣಿನಿಂದಲ್ಲ, ತುಟಿಗೆ ಹಚ್ಚಿ ಹುಡುಕುತ್ತಿದ್ದಳು. ಆಪರೇಷನ್ ಬೇಗ ಆಗಬೇಕೆಂದು ಡಾಕ್ಟರರು ಹೇಳಿದ್ದರು. ತಿರುಗಿ ಬಂದ ಅರ್ಜಿಯನ್ನು ಹಿಡಿದುಕೊಂಡು ಆಕೆ ಕಚೇರಿಗೆ ಬಂದಳು.

“ಮನೆಗೆಲಸಾನ?” ಎಂದು ಅಂದಾನಪ್ಪನವರ ಮೇಜಿನ ಮುಂದೆ ನಿಂತು ಕೇಳಿದಳು. “ನಲವತ್ತ ವರ್ಷ ರಾಟಿ ತಿರಿವೀನ್ರಿ ಸಾಹೇಬ್ರ. ರೊಟ್ಟಿ ಬಡಿಯೂದು ಬ್ಯಾರೆ, ಇದು ಬ್ಯಾರೆ. ನಾ ಕಂಡಿಕಿ ಸುತ್ತಲಿಲ್ಲಂದ್ರ ನಿಮ್ಮ ನೇಕಾರ ಬರೇ ಲಾಳಿ ಒಗದು ಗಾಳಿ ನೇಯ್ತಾನೇನ್ರಿ?”

ಕಚೇರಿಯಲ್ಲಿದ್ದವರು ನಕ್ಕರು. ಅಂದಾನಪ್ಪನವರೂ ನಕ್ಕು, ಕಂಪ್ಯೂಟರಿನ ಪರದೆಯನ್ನು ಆಕೆಯ ಕಡೆಗೆ ತಿರುಗಿಸಿದರು. “ಇದು ನಾವು ಬರದದ್ದಲ್ರಿ ಸಕ್ಕೂಬಾಯಿ. ನಿಮ್ಮನ್ನ ಕೇಳೇ ಬರದದ್ದು. ಇಲ್ನೋಡ್ರಿ, ನಿಮ್ಮ ಹೆಸರೇ ಐತಿ.”

ಆಕೆಗೆ ಅಕ್ಷರವೂ ಬಾರದು, ಕಣ್ಣೂ ಕಾಣದು. ಪರದೆಯ ಬೆಳಕಿನತ್ತ ಮುಖ ಮಾಡಿ, ಪಕ್ಕದಲ್ಲಿ ಕೂತಿದ್ದ ಆಫ್ತಾಬನನ್ನು ಕೇಳಿದಳು: “ತಮ್ಮಾ, ನಾ ಹಂಗ ಅಂದೀನೇನೋ?”

ಪ್ರಿಯರೇ, ದೇವರು ಅವನಿಗೆ ಬಾಗಿಲು ತೆರೆದು ನಿಂತಿದ್ದ ಗಳಿಗೆ ಅದು. ‘ಇಲ್ಲ’ ಎಂದಿದ್ದರೆ ಸಾಕಿತ್ತು. ಆದರೆ ಅಂದಾನಪ್ಪನವರು ನೋಡುತ್ತಿದ್ದರು, ನಕ್ಕವರೆಲ್ಲ ನೋಡುತ್ತಿದ್ದರು.

“ಅಂದಿರಬೇಕ್ರಿ ಮಾವಶಿ,” ಎಂದ. “ಹ್ವಾದ ವರ್ಷದ ಮಾತು. ನನಗೂ ನೆಪ್ಪಿಲ್ಲ.”

“ಹಂಗಾರ ಅಂದಿರಬೇಕ ಬಿಡು. ನೀ ಯಾಕ ಸುಳ್ಳ ಹೇಳ್ತಿ.” ಆಕೆ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನಲ್ಲಿ ಕಟ್ಟಿಕೊಂಡು, ಹೊಸ್ತಿಲ ಹೊರಗೆ ಬಿಟ್ಟ ಚಪ್ಪಲಿಗಾಗಿ ಕಾಲಿನಿಂದ ತಡವಿದಳು. ಆಫ್ತಾಬ ಏಳಲಿಲ್ಲ.

ರೋಣ, ನರಗುಂದದ ಶಾಖೆಗಳಲ್ಲಿಯೂ ಹೆಂಗಸರಿಗೆ ಇದೇ ಉತ್ತರ ಸಿಕ್ಕಿತು: ಗಜೇಂದ್ರಗಡದ ಸಕ್ಕೂಬಾಯಿಯೇ ಹೀಗೆ ಬರೆಸಿದ್ದಾಳೆ. ರೋಣದ ಹಸನಬಿ ಎಂಬ ಕಂಡಿಕೆಯವಳು ಮದುವೆಗೆಂದು ಗಜೇಂದ್ರಗಡಕ್ಕೆ ಬಂದವಳು, ನಳದ ಕಟ್ಟೆಯ ಮೇಲೆ ಹತ್ತು ಮಂದಿಯ ಎದುರಿಗೆ ಸಕ್ಕೂಬಾಯಿಯನ್ನು ತರಾಟೆಗೆ ತೆಗೆದುಕೊಂಡಳು: “ನಿನಗ ಬಿಡುವಿನ ಕೆಲಸ ಇದ್ರ ನೀ ಬಿಡುವು ಮಾಡ್ಕೊಂಡು ಕುಂದ್ರವ್ವಾ. ನಮ್ಮ ಹೊಟ್ಟಿ ಮ್ಯಾಲೆ ಯಾಕ ಹೊಡದಿ? ಬಾಯಿಗೆ ಕೀಲಿ ಹಾಕ್ಕೋಬೇಕಾಗಿತ್ತು!” ಅಂದಿನಿಂದ ಸಕ್ಕೂಬಾಯಿ ರಾಟಿಯನ್ನು ಜಗುಲಿಯಿಂದ ಎತ್ತಿಸಿ, ಬೆಳಕಿಲ್ಲದ ನಡುಮನೆಯಲ್ಲಿ ಇಟ್ಟುಕೊಂಡಳು.

ಇದನ್ನು ಆಫ್ತಾಬನಿಗೆ ಹೇಳಿದವಳು ತಾಯಿ ರಹಿಮತಬಿ. ಮಧ್ಯಾಹ್ನದ ಊಟಕ್ಕೆ ಕುಳಿತಿದ್ದ.

“ಸಕ್ಕೂ ಇವತ್ತ ಅತ್ತಳಪಾ. ‘ನಾ ಯಾವಾಗ ಅಂದೆ ರಹಿಮತಾ, ಯಾರ ಮುಂದ ಅಂದೆ, ನೆಪ್ಪ ಆಗವಲ್ದು, ನನ್ನ ತಲಿ ಕೆಡಾಕತ್ತೈತೇನ?’ ಅಂತ ಕೇಳಿದ್ಲು. ನೀ ಬರಕೊಂಡ ದಿನ ಆಕಿ ಏನಂದ್ಲು ಹೇಳು. ನಾ ಹೋಗಿ ಸಮಾಧಾನ ಮಾಡ್ತೀನಿ.”

ರೊಟ್ಟಿಯ ತುತ್ತು ಕೈಯಲ್ಲಿಯೇ ಉಳಿಯಿತು. “ಆಕಿ ಏನೂ ಅಂದಿಲ್ಲಮ್ಮಾ,” ಎಂದ ಆಫ್ತಾಬ. “ನಾ ಆಕಿ ಮನಿಗೆ ಹೋಗೇ ಇಲ್ಲ.”

ತಾಯಿ ಬೈಯುತ್ತಾಳೆಂದು ಅವನು ಕಾದ. ಆಕೆ ಕೇಳಿದ್ದು ಇಷ್ಟೇ: “ನನ್ನನ್ನರ ಕೇಳಬಾರದಿತ್ತೇನೋ? ಇದೇ ಮನ್ಯಾಗ ಇರ್ತೀನಲಾ.”

ಆ ಶುಕ್ರವಾರ ಅವನು ಮಸೀದಿಯ ಕಡೆಯ ಸಾಲಿನಲ್ಲಿ ನಿಂತ. ತೌಬಾ ಹೇಳಿ ದೇವರ ಕ್ಷಮೆ ಬೇಡಿದ, ಅತ್ತ. ಮನಸ್ಸು ಹಗುರಾಗಲಿಲ್ಲ. ಹೇಗಾದೀತು? ದೇವರಿಗೆ ಮಾಡಿದ ತಪ್ಪನ್ನು ದೇವರು ಕ್ಷಮಿಸಿಯಾನು. ನೆರೆಯವಳಿಗೆ ಮಾಡಿದ ತಪ್ಪಿಗೆ ನೆರೆಯವಳ ಬಾಗಿಲಿಗೇ ಹೋಗಬೇಕಲ್ಲವೇ? ಮನೆಗೆ ಬಂದಾಗ ರಹಿಮತಬಿಯೂ ಅದನ್ನೇ ಅಂದಳು: “ತೌಬಾ ಬರೇ ಬಾಯಿಲೆ ಆಗೂದಿಲ್ಲ ಬೇಟಾ. ಆಕಿ ಹೆಸರು ಎಲ್ಲೆಲ್ಲಿ ಕೆಡಿಸಿದ್ಯೋ ಅಲ್ಲೇ ತೊಳಿ.”

ಮೊದಲು ಅವನು ಅಂದಾನಪ್ಪನವರಿಗೆ ಹೇಳಿದ. ಅವರ ಮುಖ ಕಪ್ಪಿಟ್ಟಿತು. ಬಾಗಿಲು ಮುಚ್ಚಿ ಬಂದು ಕುಳಿತರು.

“ಸುಮ್ನ ತಿದ್ದಿಬಿಡು. ವರ್ಗ ಬದಲ ಮಾಡು, ಕಾರ್ಡ ಕೊಡೂಣು. ಶಾಲು ಹೊಚ್ಚೇವಿ ನಿನಗ, ಊರ ತುಂಬ ಡಂಗುರ ಹೊಡೀತೀಯೇನ? ಸಂಘದ ಮರ್ಯಾದಿ ಏನಾದೀತು?”

“ಪುಟ ತಿದ್ದಬಹುದ್ರಿ ಸಾಹೇಬ್ರ. ಆಕಿ ಮ್ಯಾಲೆ ಬಂದದ್ದು ಹ್ಯಾಂಗ ತಿದ್ದೂದ್ರಿ? ಮೂರೂ ಊರಾಗ ಮಂದಿ ಆಕಿನ್ನ ಅಂತಾರ.”

ಅಂದಾನಪ್ಪನವರು ಎದ್ದು ಹೋಗಿ ಬಾಗಿಲು ತೆರೆದರು. ಬೇಡವೆಂದು ಮಾತ್ರ ಅನ್ನಲಿಲ್ಲ.

ಸಂಘದ ವಾರ್ಷಿಕ ಸಭೆ ಆ ಸಲ ರೋಣದಲ್ಲಿ. ಮೂರು ಊರಿನವರೂ ಸೇರಿದ್ದರು. ರಹಿಮತಬಿ ಸಕ್ಕೂಬಾಯಿಯ ಕೈ ಹಿಡಿದು ಬಸ್ಸಿಗೆ ಹತ್ತಿಸಿ ಕರೆತಂದಿದ್ದಳು, ಏಕೆಂದು ಹೇಳಿರಲಿಲ್ಲ. ವರದಿ ಓದಿ ಮುಗಿದ ಮೇಲೆ ಆಫ್ತಾಬ ಎದ್ದು ಮುಂದೆ ಬಂದ. ತಾನು ಬರೆದ ಪುಟವನ್ನು ಗಟ್ಟಿಯಾಗಿ ಓದಿದ, ಕೊನೆಯ ಕಾಲಂನ ಹೆಸರನ್ನೂ ಓದಿದ.

“ಇದು ಸಕ್ಕೂಬಾಯಿ ಹೇಳಿದ ಮಾತಲ್ರಿ,” ಎಂದ. “ನಾ ಆಕಿನ್ನ ಕೇಳೇ ಇಲ್ಲ. ಕೇಳೀನಿ ಅಂತ ಸುಳ್ಳ ಬರದೆ. ಆಕಿ ಬಂದು ಕೇಳಿದಾಗ ಮತ್ತ ಸುಳ್ಳ ಹೇಳಿದೆ. ನೀವು ಯಾರರ ಆಕಿಗೆ ಏನರ ಅಂದಿದ್ರ, ಅದು ನನಗ ಅನಬೇಕಾದದ್ದು.”

ನರಗುಂದದ ಹುಚ್ಚಪ್ಪ ಎಂಬ ಹಿರಿಯ ನೇಕಾರ ಕುಳಿತಲ್ಲಿಂದಲೇ ಕೂಗಿದ: “ಶಾಲು ಹೊಚ್ಚುವಾಗ ಚಲೋ ಬೆಚ್ಚಗಿತ್ತೇನಪಾ?” ಒಬ್ಬರೂ ನಗಲಿಲ್ಲ. ಹಸನಬಿ ಎದ್ದು ಹೋಗಿ ಸಕ್ಕೂಬಾಯಿಯ ಪಕ್ಕದಲ್ಲಿ ಕುಳಿತು ಆಕೆಯ ಮಂಡಿಯ ಮೇಲೆ ಕೈಯಿಟ್ಟಳು.

ಸಕ್ಕೂಬಾಯಿ ಸಿಟ್ಟಾಗುತ್ತಾಳೆಂದೇ ಎಲ್ಲರೂ ತಿಳಿದಿದ್ದರು. ಆಕೆ ಮಾತ್ರ ಮುಖವರಳಿಸಿ ರಹಿಮತಬಿಯತ್ತ ಹೊರಳಿದಳು. “ಹಂಗಾರ ನಾ ಅಂದಿರಲಿಲ್ಲ ಅಲಾ? ನನ್ನ ತಲಿ ಸುದ್ದ ಐತಿ ಅಲಾ? ಖರೇ ಹೇಳು, ನಾ ಹೆದರಿಬಿಟ್ಟಿದ್ದೆ ನೋಡು.”

ಆ ಸಂತೋಷವನ್ನು ಕಂಡು ಆಫ್ತಾಬನಿಗೆ ಆದಷ್ಟು ನಾಚಿಕೆ ಹುಚ್ಚಪ್ಪನ ಮಾತಿನಿಂದಲೂ ಆಗಿರಲಿಲ್ಲ. ಆಕೆ ಕೈಯೆತ್ತಿ ನಾಲ್ಕು ಏಟು ಹಾಕಿದ್ದರೆ ಅವನು ಉಳಿದುಕೊಳ್ಳುತ್ತಿದ್ದ.

ಸಭೆಯ ಅಪ್ಪಣೆಯಂತೆ ಅವನು ಮೂರು ದಿನ ಸಕ್ಕೂಬಾಯಿಯ ಜಗುಲಿಯ ಮೇಲೆ ಕುಳಿತು ಹನ್ನೊಂದು ಪುಟಗಳನ್ನೂ ಹೊಸದಾಗಿ ಬರೆದ. “ಬರಕೋ,” ಎಂದು ಆಕೆ, ಮತ್ತೆ ಜಗುಲಿಗೆ ತರಿಸಿಟ್ಟ ರಾಟಿಯನ್ನು ತಿರುವುತ್ತ ಹೇಳಿದಳು. “ಬಿಗಿ ಸುತ್ತಿದ್ರ ಎಳಿ ಹರೀತೈತಿ, ಸಡಲ ಸುತ್ತಿದ್ರ ಲಾಳ್ಯಾಗ ಸಿಕ್ಕ ಬೀಳ್ತೈತಿ. ನಡುವ ಎಷ್ಟು ಅಂತ ಬೆರಳಿಗೆ ಗೊತ್ತು, ಬಾಯಿಗೆ ಹೇಳಾಕ ಬರೂದಿಲ್ಲ. ಅದನ್ನೂ ಬರಿ, ಹೇಳಾಕ ಬರೂದಿಲ್ಲ ಅಂತ.” ಅವನು ಅದನ್ನೂ ಬರೆದ. ಕಂಡಿಕೆ ಸುತ್ತುವುದನ್ನು ‘ನೇಯ್ಗೆ’ಯ ವರ್ಗಕ್ಕೆ ಸೇರಿಸಿ, ನಾಲ್ಕು ವರ್ಗಗಳ ಪಟ್ಟಿಯಿಂದ ‘ಮನೆಗೆಲಸ’ವನ್ನು ತೆಗೆದುಹಾಕಿದ, ತಾನಾಗಿ ತುಂಬಿಕೊಳ್ಳುತ್ತಿದ್ದ ಆ ಬೇರೆ ನಮೂನೆಯನ್ನೇ ಅಳಿಸಿದ. ಹೆಸರು ಕೊಟ್ಟವರಿಗೆ ಪುಟವನ್ನು ಓದಿ ಹೇಳಿ, ಅವರು ಹೂಂ ಅಂದ ತಾರೀಖನ್ನು ಬರೆಯದಿದ್ದರೆ ಪುಟ ಉಳಿಯದಂತೆ ಹೊಸ ಕಾಲಂ ಕೂಡಿಸಿದ.

ಐವತ್ಮೂರು ಹೆಂಗಸರಿಗೂ ಕಾರ್ಡು ಬಂತು. ಆದರೆ ಅಷ್ಟರಲ್ಲಿ ಎಂಟು ತಿಂಗಳು ಕಳೆದಿದ್ದವು. ಸಕ್ಕೂಬಾಯಿಯ ಬಲಗಣ್ಣಿಗೆ ಆಪರೇಷನ್ ಆಯಿತು, ಬೆಳಕು ಬಂತು. ಎಡಗಣ್ಣಿಗೆ ತಡವಾಯಿತೆಂದು ಡಾಕ್ಟರರು ಹೇಳಿದರು.

ಆಫ್ತಾಬನನ್ನು ಪದಕೋಶದ ಕೆಲಸದಿಂದ ಬಿಡಿಸಿ ನೂಲಿನ ಗೋದಾಮಿಗೆ ಹಾಕಿದರು. ಅವನು ತಕರಾರು ಮಾಡಲಿಲ್ಲ. ದಾರಿಯಲ್ಲಿ ಕಂಡರೆ ಸಕ್ಕೂಬಾಯಿ ಈಗಲೂ “ಏನೋ ತಮ್ಮಾ, ಊಟಾತೇನ?” ಎಂದು ಕೇಳುತ್ತಾಳೆ, ಒಂದೇ ಕಣ್ಣನ್ನು ಕಿರಿದು ಮಾಡಿ ಅವನ ಗುರುತು ಹಿಡಿದು. ಅವನು “ಆತ್ರಿ ಮಾವಶಿ” ಎನ್ನುತ್ತಾನೆ. ಆದರೆ ಆಕೆಯ ಎಡಗಡೆಗೆ ಎಂದೂ ನಿಲ್ಲಲಾರ. ದೂರದಿಂದಲೇ ಕಂಡ ದಿನ ಪಕ್ಕದ ಓಣಿಗೆ ಹೊರಳಿಬಿಡುತ್ತಾನೆ.

ನನ್ನ ಪ್ರಿಯರೇ, ಆಫ್ತಾಬನ ತಪ್ಪಿನಂಥದು ನಮ್ಮಲ್ಲಿ ಯಾರ ಕೈಯಿಂದ ಆಗಿಲ್ಲ? ಅವನು ತಡವಾಗಿಯಾದರೂ ಮಾಡಿದ ಕೆಲಸವನ್ನು ನಾವು ಇನ್ನೂ ಮಾಡಿಲ್ಲ. ಯಾರೋ ಒಬ್ಬರು ಹೇಳದ ಮಾತನ್ನು ನೀವು ಅವರ ಹೆಸರಿಗೆ ಹಾಕಿದ್ದರೆ ಇಂದೇ ಎದ್ದು ಹೋಗಿರಿ. ಒಳಮನೆಯಲ್ಲಿ ಅಲ್ಲ, ಅವರ ಹೆಸರು ಕೆಟ್ಟ ಮಂದಿಯ ನಡುವೆಯೇ ನಿಂತು, ಅದು ನನ್ನ ಮಾತು, ಅವರದಲ್ಲ ಎಂದು ಹೇಳಿರಿ. ನಾಳೆ ಎನ್ನಬೇಡಿರಿ, ಕೈಮುಗಿದು ಬೇಡಿಕೊಳ್ಳುತ್ತೇನೆ, ಇಂದೇ ಹೇಳಿರಿ.